ಪಶ್ಚಿಮ ಬೆಂಗಳೂರಿನ ಉಬ್ಬಸ ಮತ್ತು ಹೆಣ್ಣಿನ ಹಾರ್ಮೋನು

ಅಲರ್ಜಿ ಮತ್ತು ಉಬ್ಬಸ ಹೊರಗಿನ ಗಾಳಿಯಿಂದಷ್ಟೇ ಕೆರಳುವುದಿಲ್ಲ. ಹೆಂಗಸರಲ್ಲಿ ಹಾರ್ಮೋನುಗಳ ಏರಿಳಿತವೂ ಅದಕ್ಕೆ ಕಾರಣ. ಪಶ್ಚಿಮ ಬೆಂಗಳೂರಿನಲ್ಲಿ ಗಾಳಿಯ ಕಥೆಯೇನೋ ಚೆನ್ನಾಗಿ ದಾಖಲಾಗಿದೆ. ಹಾರ್ಮೋನಿನ ಕಡೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದಾಗ ಕಾಂಗ್ರೆಸ್ ಗಿಡದ ಕಾಟ ಇನ್ನೂ ಶುರುವಾಗಿರಲಿಲ್ಲ. ಅಮೆರಿಕ ಖಂಡದ ಈ ಪಾರ್ಥೇನಿಯಂ ಕಳೆ 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶದುದ್ದಕ್ಕೂ ಹಬ್ಬಿತು. ವಿಜಯನಗರ, ಬಸವೇಶ್ವರನಗರ, ಮುಂದೆ ಕೆಂಗೇರಿಯ ಕಡೆ ಬಡಾವಣೆಗಳು ಎದ್ದಂತೆ, ಮನೆ ಕಟ್ಟದೆ ಬಿಟ್ಟ ಸೈಟುಗಳೂ ಅಗೆದು ಹಾಕಿದ ಮಣ್ಣಿನ ಗುಡ್ಡೆಗಳೂ ಅದಕ್ಕೆ ನೆಲೆಯಾದವು. ಒಂದು ಮಳೆ ಬಿದ್ದರೆ ಸಾಕು, ಕೆಲವೇ ವಾರಗಳಲ್ಲಿ ಮೇಲೆದ್ದು ಜೋಳದ ಕಾಳಿನಷ್ಟು ಬಿಳಿ ಹೂ ಬಿಡುತ್ತದೆ. ಇಂಥ ಒಂದೇ ಗಿಡ ಅಲರ್ಜಿ ಕೆರಳಿಸುವ 62 ಕೋಟಿಗೂ ಹೆಚ್ಚು ಪರಾಗದ ಕಣ ಉದುರಿಸಬಲ್ಲದೆಂದು ಬೆಂಗಳೂರು ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ ಅಂದಾಜಿಸಿದರು. ಅದೇ ವಿಶ್ವವಿದ್ಯಾಲಯದ ಎಸ್. ಎನ್. ಅಗಾಶೆ ನಗರದ ಗಾಳಿಯಲ್ಲಿನ ಪರಾಗ ಎಣಿಸಿ, ಯಾವ ಕಾಲಕ್ಕೆ ಯಾವ ಗಿಡದ್ದು ಹೆಚ್ಚೆಂದು ಗೊತ್ತುಮಾಡಿದರು. ಕಾಂಗ್ರೆಸ್ ಗಿಡದ ಜೊತೆ ಸರ್ವೆ, ನೀಲಗಿರಿ, ಹುಲ್ಲುಗಳೂ ಆ ಪಟ್ಟಿಯಲ್ಲಿದ್ದವು.

ವಾಹನದ ಹೊಗೆಯೂ ಕೂಡಿಕೊಂಡಿತು. ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಬೆಂಗಳೂರಿನ ಮಕ್ಕಳಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ 29.5ಕ್ಕೆ ಏರಿತ್ತು.

ಇನ್ನು ಹಾರ್ಮೋನಿನ ಕಡೆ ನೋಡೋಣ. ಚಿಕ್ಕಂದಿನಲ್ಲಿ ಉಬ್ಬಸ ಗಂಡುಮಕ್ಕಳಿಗೇ ಹೆಚ್ಚು. ಹುಡುಗಿಯರು ಮೈನೆರೆದ ಮೇಲೆ ಲೆಕ್ಕ ತಿರುಗುತ್ತದೆ. ದೊಡ್ಡವರಲ್ಲಿ ಹೆಂಗಸರೇ ಹೆಚ್ಚು ನರಳುತ್ತಾರೆ. ಅಲರ್ಜಿಯಲ್ಲಿ ಹಿಸ್ಟಮಿನ್ ಹೊರಬಿಡುವ ಮಾಸ್ಟ್ ಕೋಶಗಳು ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ನಿಗೆ ಸ್ಪಂದಿಸುತ್ತವೆ. ಗಂಡಸರಲ್ಲಿ ಹೆಚ್ಚಿರುವ ಟೆಸ್ಟೊಸ್ಟಿರಾನ್ ಅಲರ್ಜಿಯ ಉರಿಯೂತವನ್ನು ತಗ್ಗಿಸುತ್ತದೆ. ಮುಟ್ಟಿಗೆ ಮುಂಚೆ ಉಬ್ಬಸ ಕೆರಳುವುದನ್ನು ಅಮೆರಿಕದ ವೈದ್ಯ ರಾಬರ್ಟ್ ಫ್ರಾಂಕ್ 1931ರಲ್ಲೇ ಗುರುತಿಸಿದ್ದರು. ಉಬ್ಬಸವಿರುವ ಹೆಂಗಸರಲ್ಲಿ ಶೇ 20ರಿಂದ 40ರಷ್ಟು ಮಂದಿಗೆ ಹೀಗಾಗುತ್ತದೆಂದು ನಂತರದ ಅಧ್ಯಯನಗಳು ಹೇಳುತ್ತವೆ. ಬಸುರಿಯರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಾಯಿಲೆ ಹೆಚ್ಚುತ್ತದೆ, ಒಬ್ಬರಿಗೆ ತಗ್ಗುತ್ತದೆ, ಇನ್ನೊಬ್ಬರಿಗೆ ಇದ್ದಂತೆಯೇ ಇರುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಮಾತ್ರೆ ತೆಗೆದುಕೊಂಡವರಲ್ಲಿ ಹೊಸದಾಗಿ ಅಸ್ತಮಾ ಬರುವ ಸಂಭವ ಹೆಚ್ಚೆಂದು ಅಮೆರಿಕದ ದಾದಿಯರ ಮೇಲಿನ ದೀರ್ಘ ಅಧ್ಯಯನವೊಂದು 1995ರಲ್ಲಿ ತೋರಿಸಿತು.

ಹೀಗಿರುವಾಗ, ಪ್ರತಿ ತಿಂಗಳೂ ಅದೇ ದಿನಗಳಲ್ಲಿ ಎದೆ ಬಿಗಿಯುತ್ತದೆಂದು ಹೆಣ್ಣುಮಗಳು ಹೇಳಿದರೆ ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವುದು ಅನ್ಯಾಯ. ಉಬ್ಬಸ ಬಂದ ದಿನವನ್ನೂ ಮುಟ್ಟಿನ ದಿನವನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ವೈದ್ಯರಿಗೆ ತೋರಿಸಬೇಕು. ಬಸುರಿಯೆಂಬ ಅಂಜಿಕೆಯಿಂದ ವೈದ್ಯರನ್ನು ಕೇಳದೆ ಇನ್ಹೇಲರ್ ನಿಲ್ಲಿಸಬಾರದು. ಹತೋಟಿ ತಪ್ಪಿದ ಉಬ್ಬಸ ತಾಯಿಗೂ ಮಗುವಿಗೂ ಅಪಾಯ.