ಗಾಲಿಯ ಕೆಳಗಿನ ನೆಲ: ಸೇಡಂ–ವಾಡಿ ಸೀಮೆಯ ಬಾಡಿಗೆ ವಾಹನಗಳು ಮತ್ತು ಪುರಸಭೆಯ ಅಧಿಕಾರ

ಲಂಡನ್ ಒಂದನ್ನು ಬಿಟ್ಟರೆ ಇಂಗ್ಲೆಂಡಿನ ಊರುಗಳಲ್ಲಿ ಟ್ಯಾಕ್ಸಿಗೂ ಅದರ ಚಾಲಕನಿಗೂ ಲೈಸೆನ್ಸ್ ಕೊಡುವುದು ಆಯಾ ಊರಿನ ಕೌನ್ಸಿಲ್. ಕುದುರೆಗಾಡಿಗಳ ಕಾಲದ 1847ರ ಟೌನ್ ಪೊಲೀಸ್ ಕ್ಲಾಜಸ್ ಕಾಯ್ದೆಯೇ ಇದಕ್ಕೆ ಮೂಲ. ಖಾಸಗಿ ಬಾಡಿಗೆ ಕಾರುಗಳು 1976ರ ಕಾಯ್ದೆಯಿಂದ ಅದೇ ಕೌನ್ಸಿಲುಗಳ ಕೈಗೆ ಬಂದವು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಹಾಗಿಲ್ಲ. ಶಹಾಬಾದಿನ ನಗರಸಭೆಯಾಗಲಿ, ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಪುರಸಭೆಗಳಾಗಲಿ ಒಂದು ಆಟೊಗೂ ಪರ್ಮಿಟ್ ಕೊಡಲಾರವು. ಹಾಗಾದರೆ ಅವುಗಳ ಕೈಯಲ್ಲಿ ಉಳಿದಿರುವುದೇನು?

ಉತ್ತರದ ಒಂದು ತುದಿ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಯಂತ್ರದಿಂದ ಓಡದ ವಾಹನಗಳು ರಾಜ್ಯಪಟ್ಟಿಯ 13ನೇ ನಮೂದಿನಲ್ಲಿವೆ. ಯಂತ್ರದಿಂದ ಓಡುವಂಥವು ಸಮವರ್ತಿ ಪಟ್ಟಿಯ 35ರಲ್ಲಿ. ಟಾಂಗಾ ರಾಜ್ಯದ ವಿಷಯ, ರಾಜ್ಯ ಬಯಸಿದರೆ ಪುರಸಭೆಗೆ ಬಿಟ್ಟುಕೊಡಬಹುದಾದ ವಿಷಯ. ಆಟೊ ಹಾಗಲ್ಲ, ಅದು ದಿಲ್ಲಿಯ ಮೋಟಾರು ವಾಹನ ಕಾಯ್ದೆಗೆ ಸೇರಿದ್ದು. 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿ ನಗರಸ್ಥಳೀಯ ಸಂಸ್ಥೆಗಳಿಗೆ 18 ವಿಷಯಗಳನ್ನು ಸೂಚಿಸುವಾಗಲೂ 17ನೆಯದರಲ್ಲಿ ಬೀದಿದೀಪ, ವಾಹನ ನಿಲುಗಡೆ, ಬಸ್ ತಂಗುದಾಣ ಎಂದಿತೇ ಹೊರತು ವಾಹನವನ್ನು ಮುಟ್ಟಲಿಲ್ಲ.

ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ, ಆರ್‌ಟಿಒ ಕಾರ್ಯದರ್ಶಿಯಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಕೆಎ-32 ನಂಬರಿನ ಗಾಡಿ ಚಿಂಚೋಳಿಯದಾದರೂ ಕಾಗದಪತ್ರಕ್ಕೆ ಕಲಬುರಗಿಯ ದಾರಿ ಹಿಡಿಯಬೇಕು. ಆಟೊಗಳು ಹೆಚ್ಚಾದವು, ಸಂಖ್ಯೆಗೆ ಮಿತಿ ಹಾಕಿ ಎಂಬ ಬೇಡಿಕೆ ಎದ್ದರೆ ಆ ಪ್ರಾಧಿಕಾರಕ್ಕೂ ದಾರಿಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 74(3)ನೇ ಕಲಂ ಮಿತಿಗೆ ಅವಕಾಶ ಕೊಡುವುದು 5 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ಮಾತ್ರ, ಅದೂ ಕೇಂದ್ರ ಸೂಚಿಸಿದರೆ. 2011ರ ಜನಗಣತಿಯಲ್ಲಿ ಕಲಬುರಗಿ ನಗರ ಆ ಗೆರೆ ದಾಟಿತ್ತು. ಈ ಐದು ಊರುಗಳನ್ನು ಒಟ್ಟು ಸೇರಿಸಿದರೂ ಅದರ ಹತ್ತಿರ ಬರವು.

ಇನ್ನು ಸೀಟಿನ ಲೆಕ್ಕ. ಇಲ್ಲಿ ಮೀಟರ್ ಹಾಕಿ ಓಡುವ ಗಾಡಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಆಟೊ, ಟಂಟಂ, ಕ್ರೂಸರ್ ಎಲ್ಲವೂ ತುಂಬಿದ ಮೇಲೆ ಹೊರಡುತ್ತವೆ, ಬಾಡಿಗೆ ತಲೆಗಿಷ್ಟು. ಇದು ಪೂರ್ತಿ ಕಾನೂನುಬಾಹಿರ ಎಂಬ ಮಾತು ಪೊಲೀಸರ ಬಾಯಲ್ಲೂ ಚಾಲಕರ ಬಾಯಲ್ಲೂ ಕೇಳುತ್ತದೆ. ಕಲಂ 2(7)ನ್ನು ಕೊನೆಯ ಸಾಲಿನವರೆಗೆ ಓದಿದರೆ ಅಷ್ಟು ಸರಳವಾಗಿಲ್ಲ. ಗುತ್ತಿಗೆ ವಾಹನವೆಂದರೆ ಇಡಿಯಾಗಿ ಗೊತ್ತುಮಾಡಿಕೊಂಡ ಗಾಡಿ, ಒಪ್ಪಂದದಲ್ಲಿಲ್ಲದವರನ್ನು ದಾರಿಯಲ್ಲಿ ಹತ್ತಿಸಿ ಇಳಿಸುವಂತಿಲ್ಲ ಎಂದ ಮೇಲೆ, ಪ್ರಯಾಣಿಕರಿಂದ ಬೇರೆಬೇರೆ ಬಾಡಿಗೆ ಪಡೆದರೂ ಮೋಟಾರ್ ಕ್ಯಾಬ್ ಆ ವರ್ಗದಲ್ಲೇ ಇರುತ್ತದೆ ಎಂದು ಅದು ಸೇರಿಸುತ್ತದೆ. ಮೋಟಾರ್ ಕ್ಯಾಬ್ ಎಂದರೆ ಚಾಲಕನನ್ನು ಬಿಟ್ಟು 6 ಜನರವರೆಗಿನ ಬಾಡಿಗೆ ವಾಹನ. ಅಂದರೆ ಆಟೊದವನು ತಲೆಗಿಷ್ಟು ತೆಗೆದುಕೊಂಡ ಮಾತ್ರಕ್ಕೆ ಅದರ ವರ್ಗ ಕೆಡುವುದಿಲ್ಲ. ದಾರಿಯಲ್ಲಿ ಕೈ ತೋರಿದವರನ್ನು ಹತ್ತಿಸಿಕೊಳ್ಳುವ ಪ್ರಶ್ನೆ ಬೇರೆ. 6ಕ್ಕಿಂತ ಹೆಚ್ಚು, 12ರವರೆಗೆ ಕೂರಿಸುವ ಮ್ಯಾಕ್ಸಿಕ್ಯಾಬನ್ನೂ ಕಲಂ ಹೆಸರಿಸುತ್ತದೆ, ಆದರೆ ಬೇರೆಬೇರೆ ಬಾಡಿಗೆಯ ಆ ವಿನಾಯಿತಿಯನ್ನು ಅದಕ್ಕೆ ಕೊಡುವುದಿಲ್ಲ. ಆರನೆಯ ಮತ್ತು ಏಳನೆಯ ಸೀಟಿನ ನಡುವೆ ಕಾನೂನಿನ ಗೋಡೆ ಎದ್ದಿದೆ. ಕ್ರೂಸರ್ ಅದರ ಆಚೆ ಇದೆ. ಪರ್ಮಿಟ್ ಷರತ್ತು ಮುರಿದರೆ 2019ರ ತಿದ್ದುಪಡಿಯ ಬಳಿಕ ಕಲಂ 192ಎ ಹೇಳುವ ದಂಡ 10,000 ರೂಪಾಯಿ. ಹೆಚ್ಚುವರಿ ಪ್ರಯಾಣಿಕನೊಬ್ಬನಿಗೆ 194ಎ ವಿಧಿಸುವುದು 200. ಯಾವ ಕಲಂ ಹಚ್ಚಬೇಕೆಂಬುದು ತಡೆದವರ ಕೈಯಲ್ಲಿರುವಾಗ ಈ ಅಂತರ ಏನೇನು ಮಾಡಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ. ಕ್ರೂಸರಿನವನಿಗೆ ಈ ದಂಡಕ್ಕಿಂತ ದೊಡ್ಡ ಚಿಂತೆ ಅದೇ.

ಪುರಸಭೆ ಈ ಚಿತ್ರದಲ್ಲಿ ಕಾಣುವುದು ಕಲಂ 117ರಲ್ಲಿ. ವಾಹನಗಳು ಎಲ್ಲಿ ನಿಲ್ಲಬಹುದು, ಬಾಡಿಗೆ ಗಾಡಿಗಳು ಜನರನ್ನು ಹತ್ತಿಸಿ ಇಳಿಸಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಎಲ್ಲಿ ತಂಗಬಹುದು ಎಂಬುದನ್ನು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಮಾಡಬಹುದು. ಕರ್ನಾಟಕದಲ್ಲಿ ಇಂಥ ಆದೇಶಗಳು ಜಿಲ್ಲಾಧಿಕಾರಿಯ ಹೆಸರಿನಲ್ಲಿ, 1989ರ ರಾಜ್ಯ ಮೋಟಾರು ವಾಹನ ನಿಯಮಗಳ 221(ಎ)(5)ನ್ನು ಉಲ್ಲೇಖಿಸಿ ಹೊರಡುತ್ತವೆ. ಸಮಾಲೋಚನೆ ಎಂಬುದು ಸಣ್ಣ ಅಧಿಕಾರವಾಗಿ ಕಾಣಬಹುದು. ನನಗೆ ಹಾಗೆ ಅನಿಸುವುದಿಲ್ಲ. ಟಿ.ಬಿ. ಇಬ್ರಾಹಿಂ ಪ್ರಕರಣದಲ್ಲಿ ಕುಂಭಕೋಣಂನ ಖಾಸಗಿ ಬಸ್ ನಿಲ್ದಾಣದ ಮಾಲೀಕ, ಸಾರಿಗೆ ಪ್ರಾಧಿಕಾರ ಬಸ್ಸುಗಳನ್ನು ಬೇರೆಡೆಗೆ ಸರಿಸಿದ್ದನ್ನು ಪ್ರಶ್ನಿಸಿದ. ಇಂಥದೇ ಜಾಗದಲ್ಲಿ ವ್ಯಾಪಾರ ನಡೆಸುವ ಮೂಲಭೂತ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲೇ ಅದರ ಗಿರಾಕಿ. ನಿಲ್ದಾಣ ಸರಿಸಿದರೆ ಸಂಪಾದನೆಯೂ ಸರಿಯುತ್ತದೆ.

ಆದರೆ ನೆಲವೂ ಎಲ್ಲ ಕಡೆ ಪುರಸಭೆಯದಲ್ಲ. 1874ರಲ್ಲಿ ಸಿಕಂದರಾಬಾದಿನ ಹಾದಿ ತೆರೆದು ಜಂಕ್ಷನ್ ಆದ ವಾಡಿಯಲ್ಲಿ ಆಟೊಗಳಿಗೆ ಬೇಕಾದ ಜಾಗ ಸ್ಟೇಷನ್ನಿನ ಅಂಗಳ, ಅದು ರೈಲ್ವೆಯದು. ಅಲ್ಲಿ ರೈಲ್ವೆ ನೌಕರನ ಸೂಚನೆ ಮೀರಿದ ಚಾಲಕನಿಗೆ 1989ರ ರೈಲ್ವೆ ಕಾಯ್ದೆಯ 159ನೇ ಕಲಂ ಒಂದು ತಿಂಗಳವರೆಗಿನ ಸಜೆ ಅಥವಾ 500 ರೂಪಾಯಿವರೆಗಿನ ದಂಡ ಹೇಳುತ್ತದೆ. ಬಸ್ ನಿಲ್ದಾಣದ ಆವರಣ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ರಾಷ್ಟ್ರೀಯ ಹೆದ್ದಾರಿಯ ಮೇಲೆ 2019ರಿಂದ ಹೆದ್ದಾರಿ ಪ್ರಾಧಿಕಾರವೂ ನಿಲುಗಡೆ ಗೊತ್ತುಮಾಡಬಹುದು. ಪುರಸಭೆಗೆ ಉಳಿಯುವುದು ಸಂತೆಬೀದಿ, ಚೌಕ, ಒಳದಾರಿ. ಅಲ್ಲಿ ತೈಬಜಾರಿ (ಸಂತೆ ಶುಲ್ಕ) ಹರಾಜು ಹಿಡಿದವನು ಗಾಡಿಗಳಿಂದಲೂ ದುಡ್ಡು ಕೇಳಿದರೆ ಅದು ಜಾಗದ ಬಳಕೆಗೆ ಕೊಡುವ ಶುಲ್ಕವಾಗಬಹುದೇ ಹೊರತು ಲೈಸೆನ್ಸ್ ಆಗದು.

ಪೂರ್ವದ ಗಡಿಯಲ್ಲಿ ಇನ್ನೊಂದು ತೊಡಕು. 1956ರಲ್ಲಿ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸೇಡಂ, ಚಿಂಚೋಳಿಯ ಜನಕ್ಕೆ ತಾಂಡೂರು ಈಗಲೂ ಪೇಟೆಯೂರು, ಕಾಯ್ದೆಗೆ ಹೊರರಾಜ್ಯ. ಮೋಟಾರು ವಾಹನ ಕಾಯ್ದೆಯ ಕಲಂ 88ರ ಪ್ರಕಾರ ಒಂದು ರಾಜ್ಯದ ಪರ್ಮಿಟ್ ಇನ್ನೊಂದು ರಾಜ್ಯದ ಮೇಲುರುಜು ಇಲ್ಲದೆ ಅಲ್ಲಿ ನಡೆಯದು. ಹಳದಿ ಬೋರ್ಡಿನವನು ಇದನ್ನೆಲ್ಲ ನಿಭಾಯಿಸುವ ಹೊತ್ತಿಗೆ, ಬಾಡಿಗೆಗೆ ಓಡುವ ಬಿಳಿ ಬೋರ್ಡಿನ ಕಾರು ಸ್ವಂತದ್ದೆಂಬ ಸೋಗಿನಲ್ಲಿ ಗಡಿ ದಾಟಿರುತ್ತದೆ.

ಈಗ ಪರ್ಮಿಟ್ಟೇ ಸಡಿಲವಾಗುತ್ತಿದೆ. 2016ರ ಆಗಸ್ಟಿನಲ್ಲಿ ಇ-ರಿಕ್ಷಾಗಳಿಗೆ, 2018ರ ಅಕ್ಟೋಬರ್ 18ರಂದು ಬ್ಯಾಟರಿಯಿಂದ ಓಡುವ ಎಲ್ಲ ಸಾರಿಗೆ ವಾಹನಗಳಿಗೆ ಕೇಂದ್ರ ಪರ್ಮಿಟ್ ವಿನಾಯಿತಿ ಕೊಟ್ಟಿತು. ನೋಂದಣಿ, ಫಿಟ್‌ನೆಸ್, ವಿಮೆ, ಚಾಲನಾ ಲೈಸೆನ್ಸ್ ಬೇಕೇ ಬೇಕು. ಆದರೆ ಪರ್ಮಿಟ್ ಇಲ್ಲದ ಗಾಡಿಗೆ ಪರ್ಮಿಟ್ಟಿನ ಷರತ್ತೂ ಇಲ್ಲ. ಸೇಡಂನ ಬೀದಿಯಲ್ಲಿ ಅಂಥ ಗಾಡಿಗಳ ಸಾಲು ಬೆಳೆದಾಗ ಸಾರಿಗೆ ಪ್ರಾಧಿಕಾರಕ್ಕಿಂತ ಹತ್ತಿರದ ಹಿಡಿತ ಕಲಂ 117ರದ್ದೇ. ಅದಕ್ಕೆ ಬೇಕಾದದ್ದು ಜಾಗದ ಸರ್ವೆ ನಂಬರು, ಎಷ್ಟು ಗಾಡಿ ನಿಲ್ಲಬಹುದೆಂಬ ಅಳತೆ, ಸಭೆಯ ಠರಾವು, ಮತ್ತು ಆ ಠರಾವನ್ನು ಜಿಲ್ಲಾಧಿಕಾರಿಯ ಅಧಿಸೂಚನೆಯಾಗುವವರೆಗೆ ಬೆನ್ನು ಹತ್ತುವ ಒಬ್ಬ ಮುಖ್ಯಾಧಿಕಾರಿ.