ಪಪೈರಸ್ ಜೌಗಿನ ಉಸಿರಿಲ್ಲದ ನೀರು

ಪಪೈರಸ್ ಎಂದೊಡನೆ ನೆನಪಿಗೆ ಬರುವುದು ಪ್ರಾಚೀನ ಈಜಿಪ್ಟಿನ ಬರವಣಿಗೆಯ ಹಾಳೆ. ಆ ಹಾಳೆಯ ಮೂಲಗಿಡವನ್ನು ಲಿನೇಯಸ್ 1753ರಲ್ಲಿ ಸೈಪರಸ್ ಪಪೈರಸ್ ಎಂದು ದಾಖಲಿಸಿದ. ಇದೊಂದು ಜೇಕು, ನಮ್ಮ ರೈತರು ಕಿತ್ತು ಕಿತ್ತು ಸೋತ ಕೊನ್ನಾರಿ ಗಡ್ಡೆಯ ಕುಲದ್ದೇ. ಕೊನ್ನಾರಿ ಮೊಣಕಾಲು ಮುಟ್ಟಿದರೆ ಹೆಚ್ಚು, ಪಪೈರಸ್ ನಾಲ್ಕೈದು ಮೀಟರ್ ಏರುತ್ತದೆ. ತನಗೆ ಹೆಸರು ತಂದ ಈಜಿಪ್ಟಿನಿಂದ ಅದು ಅಳಿದೇಹೋಯಿತೆಂದು ಬಹುಕಾಲ ನಂಬಲಾಗಿತ್ತು. 1968ರಲ್ಲಿ ವಾದಿ ನತ್ರೂನ್ ಎಂಬ ತಗ್ಗಿನಲ್ಲಿ ಒಂದಿಷ್ಟು ಗಿಡಗಳು ಸಿಕ್ಕವು. ನೈಲ್ ನದಿಯ ಮೇಲುಹರಿವಿನ ಕಥೆ ಬೇರೆ. ದಕ್ಷಿಣ ಸುಡಾನಿನ ಸುಡ್ ಜೌಗು, ಉಗಾಂಡದ ಕ್ಯೋಗಾ, ವಿಕ್ಟೋರಿಯಾ ಸರೋವರದ ಕೊಲ್ಲಿಗಳು, ಕೀನ್ಯಾದ ನೈವಾಶಾ, ಅಲ್ಲಿಂದ ಕೆಳಗೆ ಬೋಟ್ಸ್ವಾನದ ಒಕವಾಂಗೊವರೆಗೆ ನಿಂತ ನೀರಿನ ಅಂಚಿನಲ್ಲಿ ಅದರದ್ದೇ ರಾಜ್ಯ.

ಈ ಜೌಗುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಗುಣಗಳನ್ನು ಎತ್ತಿ ಹೇಳುತ್ತಾರೆ: ಕೊಳಕು ನೀರನ್ನು ಸೋಸುತ್ತವೆ, ಅಪರೂಪದ ಹಕ್ಕಿಗಳಿಗೆ ನೆಲೆ ಕೊಡುತ್ತವೆ. ಎರಡೂ ನಿಜ. ಆದರೆ ಪಪೈರಸ್ ಮಾಡುವ ಬಹುತೇಕ ಕೆಲಸಗಳ ಹಿಂದೆ ಇರುವುದು, ಅದರ ಅಡಿಯ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇರುವ ಸಂಗತಿ. ಇದನ್ನು ಜೌಗಿನ ದೋಷವೆಂದು ಓದುವ ರೂಢಿ ಹೆಚ್ಚು. ಹಾಗೆ ಓದಿದರೆ ವಿಷಯವೇ ಕೈತಪ್ಪುತ್ತದೆ ಎಂಬುದು ಈ ಟಿಪ್ಪಣಿಯ ನಿಲುವು.

ಮೊದಲು ಗಿಡ. ಕಾಂಡವನ್ನು ಅಡ್ಡಕ್ಕೆ ಕೊಯ್ದರೆ ಮೂರು ಮೂಲೆಯ ಹೋಳು; ಹೊರಗೆ ಹಸಿರು ಸಿಪ್ಪೆ, ಒಳಗೆ ಬೆಳ್ಳಗಿನ ಮೃದುವಾದ ತಿರುಳು, ತಿರುಳಿನ ತುಂಬ ಗಾಳಿಯ ಪೊಳ್ಳು. ಬೆಳೆದ ಗಿಡಕ್ಕೆ ಎಲೆ ಎನ್ನುವಂಥದ್ದೇ ಇಲ್ಲ, ಬುಡದಲ್ಲಿ ಕಂದು ಹೊದಿಕೆಯಷ್ಟೇ. ಆಹಾರ ತಯಾರಾಗುವುದು ಹಸಿರು ಕಾಂಡದಲ್ಲಿ ಮತ್ತು ತುದಿಯಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ನೂರಾರು ಎಳೆಗಳ ಗೊಂಚಲಿನಲ್ಲಿ. ದ್ಯುತಿಸಂಶ್ಲೇಷಣೆ ನಡೆಯುವುದು ಸಿ4 ದಾರಿಯಲ್ಲಿ. ಜೋಳ, ರಾಗಿ, ಕಬ್ಬಿನದೂ ಅದೇ ದಾರಿ. ಬಿಸಿಲು ಮತ್ತು ನೀರಿನ ಅಭಾವಕ್ಕೆ ಹೊಂದಿಕೊಂಡದ್ದೆಂದು ಪಠ್ಯಪುಸ್ತಕಗಳು ಹೇಳುವ ಈ ವಿಧಾನ ನೀರಿನಲ್ಲೇ ನಿಂತ ಗಿಡಕ್ಕೆ ಯಾಕೆ ಬೇಕಾಯಿತು? ಸಿ4 ಗಿಡ ಕಡಿಮೆ ಸಾರಜನಕದಲ್ಲಿ ಹೆಚ್ಚು ಬೆಳೆಯಬಲ್ಲದು ಎಂಬುದರಲ್ಲಿ ಉತ್ತರ ಇದ್ದಂತಿದೆ. ಜೌಗಿನಲ್ಲಿ ನೀರಿಗೆ ಬರವಿಲ್ಲ, ಸಾರಜನಕಕ್ಕೆ ಇದೆ. ಪಪೈರಸ್ ಸಹಜ ಸಸ್ಯವರ್ಗಗಳಲ್ಲಿ ಅತಿ ವೇಗವಾಗಿ ಬೆಳೆಯುವವುಗಳ ಸಾಲಿಗೆ ಸೇರುತ್ತದೆ.

ಅದು ಜೌಗನ್ನು ಕಟ್ಟುವ ಬಗೆಯನ್ನು ಜಾನ್ ಗೋಡೆ 1977ರಲ್ಲಿ ನೈವಾಶಾದ ಅಧ್ಯಯನದಲ್ಲಿ ವಿವರಿಸಿದರು. ಸರೋವರದ ನೀರು ಇಳಿದಾಗ ಬಯಲಾಗುವ ಒದ್ದೆ ಕೆಸರಿನಲ್ಲಿ ಬೀಜ ಮೊಳೆಯುತ್ತದೆ. ನೆಲದಡಿಯ ಗುಪ್ತಕಾಂಡಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಮುಂದೆ ನೀರು ಮತ್ತೆ ಏರಿದಾಗ ಪೊಳ್ಳು ತುಂಬಿದ ಆ ಹೆಣಿಗೆ ಕೆಸರಿನಿಂದ ಕಿತ್ತುಬಂದು, ಗಿಡಗಳ ಸಮೇತ ಮೇಲೇಳುತ್ತದೆ. ಹೀಗಾಗಿ ದಡದ ಕಡೆ ನೆಲಕ್ಕೆ ಬೇರೂರಿದ ಪಪೈರಸ್, ಸರೋವರದ ಕಡೆ ತೇಲುವ ಹಾಸು. ಗಾಳಿ ಜೋರಾದರೆ ಹಾಸಿನ ತುಂಡುಗಳು ಕಳಚಿ ದ್ವೀಪಗಳಾಗಿ ಅಲೆಯುವುದೂ ಉಂಟು. 1997-98ರ ಎಲ್ ನಿನೊ ಮಳೆಯ ನಂತರ ಇಂಥ ದ್ವೀಪಗಳು ಕ್ಯೋಗಾ ಸರೋವರದ ಹೊರಹರಿವಿಗೇ ಅಡ್ಡ ಕುಳಿತು ದಡದ ಊರುಗಳನ್ನು ಮುಳುಗಿಸಿದವು. ನೀರಿನ ಮಟ್ಟ ಏರಿಳಿಯದಂತೆ ಹಿಡಿದಿಟ್ಟರೆ ಹೊಸ ಪಪೈರಸ್ ಹುಟ್ಟುವ ಕೆಸರಿಗೇ ಅವಕಾಶವಿರದು ಎಂಬುದು ಬೀಜ ಮೊಳೆಯುವ ಈ ಬಗೆಯಿಂದ ಹೊರಡುವ ಮಾತು.

ಹಾಸಿನ ಕೆಳಗೆ ಬೆಳಕು ಇಳಿಯದು, ಆದ್ದರಿಂದ ಪಾಚಿಯಿಂದ ಆಮ್ಲಜನಕವಿಲ್ಲ. ಗಾಳಿ ನೀರನ್ನು ಕದಡದು. ಮೇಲಿನಿಂದ ಸತ್ತ ಕಾಂಡಗಳು ಬೀಳುತ್ತಲೇ ಇರುತ್ತವೆ; ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನೂ ಮುಗಿಸುತ್ತವೆ. ಮುಂದೆ ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಲೆನರ್ಡ್ ಬೀಡ್ಲ್ 1930ರ ದಶಕದ ಆರಂಭದಲ್ಲೇ ಪೂರ್ವ ಆಫ್ರಿಕದ ಈ ನೀರನ್ನು ಪರೀಕ್ಷಿಸಿದ್ದರು. 1955ರಲ್ಲಿ ಜಿ. ಎಸ್. ಕಾರ್ಟರ್ ಉಗಾಂಡದ ಪಪೈರಸ್ ಜೌಗುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಆಮ್ಲಜನಕ ಇಲ್ಲದಲ್ಲಿ ಕೊಳೆತ ನಿಧಾನ; ಕಸ ಅಡಿಯಲ್ಲಿ ಇಂಗಾಲದ ಪದರವಾಗಿ ಕೂರುತ್ತದೆ. ನೈವಾಶಾದಲ್ಲಿ ಜೋನ್ಸ್ ಮತ್ತು ಹಂಫ್ರೀಸ್ ನಡೆಸಿ 2002ರಲ್ಲಿ ಪ್ರಕಟಿಸಿದ ಅಳತೆ ಇದರ ಇನ್ನೊಂದು ಮುಖವನ್ನೂ ತೋರಿಸಿತು. ನೀರು ನಿಂತಿರುವವರೆಗೆ ಜೌಗು ಇಂಗಾಲವನ್ನು ಹಿಡಿದಿಡುತ್ತದೆ, ನೀರು ಇಳಿದು ಅಡಿಯ ಕಸಕ್ಕೆ ಗಾಳಿ ತಗುಲಿದರೆ ಅದೇ ಜೌಗು ಇಂಗಾಲವನ್ನು ಬಿಟ್ಟುಕೊಡಬಲ್ಲದು.

ಸೋಸುವ ಗುಣಕ್ಕೆ ಎಲ್ಲರೂ ಕೊಡುವ ಉದಾಹರಣೆ ಕಂಪಾಲಾದ ನಾಕಿವುಬೊ. ನಗರದ ಚರಂಡಿ ನೀರು ಈ ಜೌಗನ್ನು ಹಾಯ್ದು ಮರ್ಚಿಸನ್ ಕೊಲ್ಲಿ ಸೇರುತ್ತದೆ. ನಗರಕ್ಕೆ ಕುಡಿಯುವ ನೀರು ಎತ್ತುವುದೂ ಅದೇ ಕೊಲ್ಲಿಯಿಂದ. ಕನ್ಸೀಮೆ ಮತ್ತು ನಲುಬೇಗಾ 1999ರಲ್ಲಿ ಮಂಡಿಸಿದ ಅಧ್ಯಯನ ಸೂಕ್ಷ್ಮವಾದದ್ದು. ಅಲ್ಲಿನ ಮಿಸ್ಕಾಂಥಿಡಿಯಂ ಹುಲ್ಲಿನ ಹಾಸು ದಟ್ಟ, ನೀರು ಒಳನುಗ್ಗುವುದು ಕಷ್ಟ; ಪಪೈರಸ್ ಹಾಸು ಸಡಿಲ, ಬೇರುಗಳು ನೀರಿನಲ್ಲಿ ಜೋತಾಡುತ್ತವೆ, ಆದ್ದರಿಂದ ಪೋಷಕಾಂಶ ಹೀರುವುದರಲ್ಲಿ ಅದು ಮುಂದು. ಆದರೂ ‘ಸೋಸುತ್ತದೆ’ ಎಂಬ ಒಂದೇ ಮಾತಿನಲ್ಲಿ ಸಾರಜನಕ, ರಂಜಕ ಎರಡನ್ನೂ ಸೇರಿಸುವುದು ಸರಿಯಲ್ಲ. ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಆ ಸಾರಜನಕ ನಿಜಕ್ಕೂ ಹೊರಹೋಗುತ್ತದೆ. ರಂಜಕಕ್ಕೆ ಅಂಥ ಬಾಗಿಲಿಲ್ಲ. ಅದು ಗಿಡದಲ್ಲಿರಬೇಕು, ಅಡಿಯ ಪದರದಲ್ಲಿರಬೇಕು, ಇಲ್ಲವೇ ಕಾಂಡ ಕೊಯ್ದು ಸಾಗಿಸಿದಾಗ ಜೊತೆಗೆ ಹೋಗಬೇಕು. ಚಾಪೆಗೆ, ಬೇಲಿಗೆ, ಸೂರಿಗೆ ಪಪೈರಸ್ ಕೊಯ್ಯುವವರು ಅರಿವಿಲ್ಲದೆಯೇ ಈ ಕೆಲಸ ಮಾಡುತ್ತಿದ್ದಾರೆ. ಕೊಯ್ಲು ತೀರಾ ಪದೇಪದೇ ಆದರೆ ಗುಪ್ತಕಾಂಡದ ದಾಸ್ತಾನು ಬರಿದಾಗಿ ಗಿಡ ಸೊರಗುತ್ತದೆ. ನಾಕಿವುಬೊದ ದಡದಲ್ಲಿ ಪಪೈರಸ್ ತೆಗೆದು ಕೆಸುವಿನ ಗಡ್ಡೆ ಹಾಕಿದ್ದಾರೆ, ರೈಲು ದಿಬ್ಬದಡಿಯ ಮೋರಿಗಳು ಹರಿವನ್ನು ಕೆಲವೇ ಕಡೆ ಒಟ್ಟುಗೂಡಿಸುತ್ತವೆ. ನೀರು ಹಾಸಿನೊಳಗೆ ಹಾಯದೆ ಕಾಲುವೆ ಹಿಡಿದು ಓಡಿದರೆ ಎಷ್ಟು ಎಕರೆ ಜೌಗಿದ್ದೂ ಪ್ರಯೋಜನ ಅಷ್ಟಕ್ಕಷ್ಟೇ.

ಆಮ್ಲಜನಕದ ಕೊರತೆಯ ಹೊರತಾಗಿ ಪಪೈರಸ್ ಮೇಲೆ ಇನ್ನೊಂದು ಹಳೆಯ ಆರೋಪವಿದೆ: ಅದು ನೀರನ್ನು ಪೋಲು ಮಾಡುತ್ತದೆ ಎಂಬುದು. ಸುಡ್ ಜೌಗಿಗೆ ಬರುವ ಬಿಳಿ ನೈಲಿನ ನೀರಿನಲ್ಲಿ ಸುಮಾರು ಅರ್ಧ ಅಲ್ಲೇ ಆವಿಯಾಗುತ್ತದೆ. ಅದನ್ನು ತಪ್ಪಿಸಲು 360 ಕಿಲೋಮೀಟರಿನ ಜೊಂಗ್ಲೈ ಕಾಲುವೆಯನ್ನು 1978ರಲ್ಲಿ ಅಗೆಯತೊಡಗಿ, ಅಂತರ್ಯುದ್ಧದಿಂದ 1984ರಲ್ಲಿ ನಿಲ್ಲಿಸಬೇಕಾಯಿತು. ಆದರೆ ರೈಕ್ಸ್ ಎಂಬ ಸಂಶೋಧಕ ಉಗಾಂಡದ ಒಂದು ಜೌಗಿನಲ್ಲಿ ಅಳೆದು 1969ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಣಗಿದ ಕಾಂಡಗಳೂ ಬೆರೆತ ಹಳೆಯ ಪಪೈರಸ್ ಬಿಟ್ಟ ಆವಿ ತೆರೆದ ನೀರಿನದರ ಸುಮಾರು ಶೇಕಡಾ 60 ಮಾತ್ರ. ಒಂದು ಜೌಗಿನ ಅಂಕಿಯನ್ನು ಎಲ್ಲೆಡೆಗೆ ಹಚ್ಚಲಾಗದು. ಆದರೂ ಸುಡ್‌ನಲ್ಲಿ ನೀರು ಆವಿಯಾಗುವುದಕ್ಕೆ ಮುಖ್ಯ ಕಾರಣ ಅದು ಸಮತಟ್ಟಿನ ಮೇಲೆ ಹರಡುವುದೇ ಹೊರತು ಗಿಡದ ದಾಹವಲ್ಲ.

ಇನ್ನು ಮೀನು. 1950-60ರ ದಶಕಗಳಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಬೇಟೆಮೀನನ್ನು ವಿಕ್ಟೋರಿಯಾ, ಕ್ಯೋಗಾ, ನಬುಗಾಬೊ ಸರೋವರಗಳಿಗೆ ಬಿಟ್ಟರು. 1980ರ ದಶಕದಲ್ಲಿ ಅದರ ಸಂಖ್ಯೆ ಸ್ಫೋಟಿಸಿ, ವಿಕ್ಟೋರಿಯಾದಲ್ಲಷ್ಟೇ ವಿಕಾಸಗೊಂಡ ನೂರಾರು ಬಗೆಯ ಪುಟ್ಟ ಸಿಕ್ಲಿಡ್ ಮೀನುಗಳಲ್ಲಿ ಅನೇಕ ಬಗೆಗಳು ಕಾಣೆಯಾದವು. ನೈಲ್ ಪರ್ಚಿಗೆ ಆಮ್ಲಜನಕ ಧಾರಾಳ ಬೇಕು, ಪಪೈರಸ್ ಜೌಗಿನೊಳಗೆ ಅದು ನಿಲ್ಲಲಾರದು. ಕ್ಯೋಗಾದ ಸುತ್ತಲ ಕೆಲವು ಚಿಕ್ಕ ಸರೋವರಗಳನ್ನು ದೊಡ್ಡ ಸರೋವರದಿಂದ ಬೇರ್ಪಡಿಸಿರುವುದು ಪಪೈರಸ್ ಜೌಗೇ. ಅಲ್ಲಿಗೆ ಪರ್ಚ್ ದಾಟದೆ ಹಳೆಯ ಮೀನುಗಳು ಉಳಿದವು.

ಒಳಗೆ ಬದುಕುವವು ಹೇಗೆ ಬದುಕುತ್ತವೆ? ಪುಪ್ಪುಸಮೀನು ಗಾಳಿಯನ್ನೇ ಉಸಿರಾಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಕೂಡ. ಭಾರತದಲ್ಲಿ ಅದರ ಸಾಕಣೆಗೆ ನಿಷೇಧವಿದ್ದರೂ ಬೆಂಗಳೂರಿನ ಸುತ್ತ ಕಳ್ಳಹೊಂಡಗಳಲ್ಲಿ ಅದು ಕೊಬ್ಬುವುದು ಈ ಬಲದಿಂದಲೇ. ಉಳಿದ ಕೆಲವು ಮೀನುಗಳು ನೀರಿನ ಮೇಲ್ಪದರಕ್ಕೆ ಬಾಯಿಟ್ಟು, ಗಾಳಿ ತಾಗಿದ ತೆಳುಪೊರೆಯ ನೀರನ್ನಷ್ಟೇ ಕಿವಿರಿಗೆ ಎಳೆದುಕೊಳ್ಳುತ್ತವೆ. ಇನ್ನೂ ಸೂಕ್ಷ್ಮವಾದ ಸಂಗತಿ ಕಂಡದ್ದು ಉಗಾಂಡದ ಕಿಬಾಲೆ ರಾಷ್ಟ್ರೀಯ ಉದ್ಯಾನದ ರ್ವೆಂಬೈಟಾ ಪಪೈರಸ್ ಜೌಗಿನಲ್ಲಿ. ಲಾರೆನ್ ಚಾಪ್‌ಮನ್ ಮತ್ತು ಸಂಗಡಿಗರು ಅಲ್ಲಿನ ಬಾರ್ಬಸ್ ನ್ಯೂಮಯೆರಿ ಎಂಬ, ನಮ್ಮ ಗೆಂಡೆಯ ಕುಟುಂಬದ ಪುಟ್ಟ ಮೀನನ್ನು ಬಿಚ್ಚಿ ನೋಡಿದರು. ಜೌಗಿನ ಮೀನಿನ ಕಿವಿರು ಪಕ್ಕದ ಹರಿಯುವ ತೊರೆಯ ಮೀನಿನದಕ್ಕಿಂತ ದೊಡ್ಡದು. ತಲೆಯಲ್ಲಿ ಜಾಗ ಇರುವುದೇ ಇಷ್ಟು. ಕಿವಿರು ಹಿಗ್ಗಿದರೆ ಬಾಯಾಡಿಸುವ ಸ್ನಾಯುಗಳು ಕುಗ್ಗಬೇಕು. ದೊಡ್ಡ ಕಿವಿರಿನ ಮೀನು ತಿನ್ನುವುದರಲ್ಲಿ ಹಿಂದೆ ಬೀಳುತ್ತದೆ ಎಂದೂ ಮುಂದಿನ ಪ್ರಯೋಗಗಳು ತೋರಿಸಿದವು. ಎಂದರೆ ಜೌಗಿನ ಆಶ್ರಯ ಪುಕ್ಕಟೆಯಲ್ಲ.

ಆದ್ದರಿಂದ ಎಲ್ಲ ಮೀನೂ ಜೌಗಿನ ಆಳಕ್ಕೆ ಹೋಗುವುದಿಲ್ಲ. ನಬುಗಾಬೊದಲ್ಲಿ ಅದೇ ತಂಡ 1990ರ ದಶಕದಲ್ಲಿ ಬಲೆ ಹಾಕಿದಾಗ, ತೆರೆದ ನೀರಿನಲ್ಲಿ ಸಿಗದ ಸ್ಥಳೀಯ ಮೀನುಗಳು ಜೌಗು ಮತ್ತು ಸರೋವರ ಕೂಡುವ ಕಿರಿದಾದ ಅಂಚಿನಲ್ಲಿ ಸಿಕ್ಕವು. ಅಲ್ಲಿ ಪರ್ಚಿಗೆ ಆಮ್ಲಜನಕ ಸಾಲದು, ಅವಕ್ಕೆ ಹೇಗೋ ಸಾಕು. ಆ ಅಂಚಿನಲ್ಲಿ ಪಪೈರಸ್ಸಿಗಿಂತ ಬೇರೆ ಹುಲ್ಲುಗಳೇ ಹೆಚ್ಚು ಎಂಬುದನ್ನೂ ಹೇಳಬೇಕು. ಕೆಲಸ ಮಾಡುವುದು ಅಡಿಯ ನೀರಿನ ಸ್ಥಿತಿ. ಮುಂದೆ ಮೀನುಗಾರಿಕೆಯಿಂದ ನಬುಗಾಬೊದ ಪರ್ಚ್ ಇಳಿಮುಖವಾದಾಗ ಸ್ಥಳೀಯ ಮೀನುಗಳಲ್ಲಿ ಕೆಲವು ಮತ್ತೆ ಸರೋವರದಲ್ಲಿ ಕಾಣಿಸಿಕೊಂಡವು. ಅವು ಹೆಚ್ಚಾಗಿ ಸಿಕ್ಕಿದ್ದು ಜೌಗಿನ ಅಂಚಿಗೆ ಹತ್ತಿರದ ನೀರಿನಲ್ಲೇ.