ಗಾಜಿನ ಗುಳ್ಳೆ ಮತ್ತು ಒಂಟಿ ಅಕ್ಷರ

ಹಳೆಯ ಕ್ಯಾಮೆರಾ ಲೆನ್ಸ್ ಕೊಳ್ಳುವವರು ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಗಾಜಿನೊಳಗೆ ಸಾಸಿವೆಗಿಂತ ಚಿಕ್ಕ ಗುಳ್ಳೆ ಕಂಡರೂ ಮುಖ ಸಿಂಡರಿಸಿ ಹಿಂದಿರುಗಿಸುವವರುಂಟು. ಲೆನ್ಸು 1930ರ ದಶಕದ ಜರ್ಮನಿಯದಾಗಿದ್ದರೆ ಅಷ್ಟು ಅವಸರ ಬೇಡ.

ಜರ್ಮನಿಯ ಯೇನಾ ಪಟ್ಟಣದಲ್ಲಿ ಕಾರ್ಲ್ ಜೈಸ್ 1846ರಲ್ಲಿ ತೆರೆದ ಕಾರ್ಯಾಗಾರ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಭೌತವಿಜ್ಞಾನಿ ಅರ್ನ್ಸ್ಟ್ ಅಬೆ ಮತ್ತು ರಸಾಯನಜ್ಞ ಒಟ್ಟೊ ಶಾಟ್ ಅವರೊಡನೆ ಸೇರಿ 1884ರಲ್ಲಿ ಅಲ್ಲಿಯೇ ಗಾಜಿನ ಕಾರ್ಖಾನೆಯೂ ಆರಂಭವಾಯಿತು. ಬೇರಿಯಂ ಬೆರೆಸಿದ ಅಲ್ಲಿನ ಹೊಸ ಗಾಜು ಬೆಳಕನ್ನು ಚೆನ್ನಾಗಿ ಬಾಗಿಸುತ್ತಿತ್ತು, ಬಣ್ಣಗಳನ್ನು ಮಾತ್ರ ಹೆಚ್ಚು ಚದುರಿಸುತ್ತಿರಲಿಲ್ಲ. ಆದರೆ ಕುದಿಯುವಾಗ ಅದು ಮೂಸೆಯ ಜೇಡಿಮಣ್ಣನ್ನೇ ತಿನ್ನುತ್ತಿತ್ತು. ಗುಳ್ಳೆಗಳೆಲ್ಲ ಮೇಲೆದ್ದು ಹೋಗುವವರೆಗೆ ಕಾಯಿಸುತ್ತ ಕೂತರೆ ಗಾಜಿಗೆ ಬಣ್ಣ ಬರುತ್ತಿತ್ತು. ಹಾಗಾಗಿ ಒಂದೆರಡು ಗುಳ್ಳೆಗಳನ್ನು ಉಳಿಸಿಯೇ ಇಳಿಸುತ್ತಿದ್ದರು. ಅವು ತಡೆಯುವ ಬೆಳಕು ಲೆಕ್ಕಕ್ಕೆ ಬಾರದು. ಚಿತ್ರದಲ್ಲಿ ಕಾಣುವುದೂ ಇಲ್ಲ.

ಇದಕ್ಕಿಂತ ವಿಚಿತ್ರವಾದುದು ಲೆನ್ಸಿನ ಅಂಚಿನ ಬರಹ. ಲುಡ್ವಿಗ್ ಬರ್ಟೆಲೆ ರೂಪಿಸಿದ 'ಸೊನ್ನಾರ್' ಆ ಕಾಲದ ಜೈಸ್ ಲೆನ್ಸುಗಳಲ್ಲಿ ಬಹು ಹೆಸರಾದದ್ದು. 1945ರ ಏಪ್ರಿಲ್‌ನಲ್ಲಿ ಯೇನಾ ಅಮೆರಿಕನ್ನರ ವಶವಾಯಿತು. ಒಪ್ಪಂದದಂತೆ ಊರನ್ನು ರಷ್ಯನ್ನರಿಗೆ ಬಿಟ್ಟುಕೊಡುವ ಮುನ್ನ ಅವರು ನೂರಕ್ಕೂ ಹೆಚ್ಚು ತಜ್ಞರನ್ನು ಪಶ್ಚಿಮಕ್ಕೆ ಸಾಗಿಸಿದರು. ರಷ್ಯನ್ನರು ಮರುವರ್ಷ ಉಳಿದವರಲ್ಲಿ ಅನೇಕರನ್ನು, ಹೆಚ್ಚಿನ ಯಂತ್ರಗಳನ್ನು ತಮ್ಮ ದೇಶಕ್ಕೆ ಒಯ್ದರು. ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್‌ನಲ್ಲಿ ಮೊದಮೊದಲು ತಯಾರಾದ ಸೊನ್ನಾರ್‌ಗಳೊಳಗೆ ಇದ್ದುದು ಜರ್ಮನ್ ಗಾಜು. ಆ ದಾಸ್ತಾನು ತೀರಿದ ಮೇಲೆ, 1950ರ ದಶಕದಲ್ಲಿ, ಸೋವಿಯತ್ ಗಾಜಿಗೆ ಹೊಂದುವಂತೆ ಮಸೂರಗಳ ಬಾಗನ್ನೇ ಹೊಸದಾಗಿ ಲೆಕ್ಕಹಾಕಬೇಕಾಯಿತು. ಅಷ್ಟರಲ್ಲಿ ಲೆನ್ಸಿನ ಹೆಸರು 'ಜುಪಿಟರ್' ಎಂದಾಗಿತ್ತು.

ಇತ್ತ ಯೇನಾದಲ್ಲಿ ಉಳಿದವರು ಕಾರ್ಖಾನೆಯನ್ನು ಮತ್ತೆ ಕಟ್ಟಿದರು. ಪಶ್ಚಿಮಕ್ಕೆ ಹೋದವರು ಓಬರ್‌ಕೋಖೆನ್‌ನಲ್ಲಿ ಇನ್ನೊಂದು ಜೈಸ್ ಕಟ್ಟಿದರು. ಹೆಸರು ಯಾರದು? ವ್ಯಾಜ್ಯ ದೇಶ ದೇಶಗಳ ನ್ಯಾಯಾಲಯಗಳನ್ನು ಹತ್ತಿ, 1971ರಲ್ಲಿ ಲಂಡನ್ನಿನಲ್ಲಿ ರಾಜಿಯಾಯಿತು. ಆ ನಡುವೆ ಪಶ್ಚಿಮದ ಮಾರುಕಟ್ಟೆಗೆ ಹೊರಟ ಯೇನಾದ ಲೆನ್ಸುಗಳ ಮೇಲೆ ಮನೆತನದ ಹೆಸರೇ ಇಲ್ಲ. 'ಯೇನಾದಿಂದ' ಎಂಬರ್ಥದ ಜರ್ಮನ್ ಮಾತು, ಜತೆಗೆ ಒಂಟಿ ಅಕ್ಷರ: ಸೊನ್ನಾರ್‌ಗೆ 'ಎಸ್', ಟೆಸ್ಸಾರ್‌ಗೆ 'ಟಿ'. ಅದೇ ಲೆನ್ಸು ಪೂರ್ವದ ದೇಶಗಳಲ್ಲಿ ಪೂರ್ಣ ಹೆಸರಿನಿಂದ ಮಾರಾಟವಾಗುತ್ತಿತ್ತು. (ಕೆಂಪು 'ಟಿ' ಮಾತ್ರ ಬೇರೆ, ಅದು ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದ, ಪ್ರತಿಫಲನ ತಗ್ಗಿಸುವ ಲೇಪನದ ಗುರುತು. ಎರಡನ್ನೂ ಬೆರೆಸಿ ಗೊಂದಲಪಡುವವರು ಈಗಲೂ ಇದ್ದಾರೆ.)

ಹೆಸರಿಲ್ಲದ ಈ ಲೆನ್ಸುಗಳನ್ನು ಎಷ್ಟೋ ಜನ ನಕಲಿ ಎಂದು ಶಂಕಿಸುತ್ತಾರೆ. ನಿಜವಾದ ನಕಲಿಗಳ ರೀತಿ ಬೇರೆ. ಜುಪಿಟರ್‌ನ ಮುಂದಿನ ಉಂಗುರದ ಬರಹ ಅಳಿಸಿ, 'ಕಾರ್ಲ್ ಜೈಸ್ ಯೇನಾ ಸೊನ್ನಾರ್' ಎಂದು ಕೆತ್ತಿ ಮಾರುವುದು ಇಂದಿಗೂ ನಡೆದಿದೆ. ಅವುಗಳ ಮೇಲೆ ಹೆಸರು ಸಂಪೂರ್ಣವಾಗಿ, ಸ್ಪಷ್ಟವಾಗಿ ಇರುತ್ತದೆ.